ಅಂಗಡಿಯ ಸ್ವಿಮ್‌ಬೇಟ್ ಮತ್ತು ಹಾಲುವಾಣದ ಮೀನು

ಮೊದಲೇ ಹೇಳಿಬಿಡುತ್ತೇನೆ: ಗಾಳದ ಪೆಟ್ಟಿಗೆ ತೆರೆದರೆ ಈಗ ನನ್ನ ಕೈ ಹೋಗುವುದು ನಾನೇ ಹಾಲುವಾಣದ ಮರದಲ್ಲಿ ಕೆತ್ತಿದ ಮೀನಿಗೆ. ಆನ್‌ಲೈನಿನಲ್ಲಿ 2,650 ರೂಪಾಯಿ ಕೊಟ್ಟು ತರಿಸಿದ ಸ್ವಿಮ್‌ಬೇಟ್, ಅಂದರೆ ಈಜುವ ಮೀನಿನಂತೆ ಬಳುಕುವ ಲೂರ್ (ಗಾಳದ ಹುಸಿಮೀನು), ಕೈಕೊಟ್ಟ ಮೇಲೆ ಉಳಿ ಹಿಡಿದೆ. ನಡುವೆ ಮೆತ್ತನೆಯ ಪ್ಲಾಸ್ಟಿಕ್ ಮೀನುಗಳ ಪೊಟ್ಟಣವೊಂದನ್ನೂ ಕೊಂಡಿದ್ದೆ. ಮೂರನ್ನೂ ಪಾಂಡವಪುರ ತಾಲ್ಲೂಕಿನ ಒಂದೇ ಕೆರೆಯಲ್ಲಿ, ಮೀನಿನ ಹರಾಜು ಹಿಡಿದವರ ಒಪ್ಪಿಗೆ ಪಡೆದು, ಭಾನುವಾರದ ಬೆಳಗಿನ ಹೊತ್ತು ಎಸೆದು ನೋಡಿದ್ದೇನೆ. ನನ್ನ ಗುರಿ ಕೊರವ ಮೀನು.

ಕೊಂಡುತಂದ ಗಟ್ಟಿ ಪ್ಲಾಸ್ಟಿಕ್ಕಿನ ಮೀನಿಗೆ ನಾಲ್ಕು ತುಂಡು, ಮೂರು ಕೀಲು. ತೂಬಿನ ಬಳಿಯ ತಿಳಿನೀರಿನಲ್ಲಿ ಎಳೆದಾಗ ಅದು ಬಳುಕುವ ಚಂದಕ್ಕೆ ಸಾಟಿಯಿಲ್ಲ. ಅಷ್ಟು ನಯವಾಗಿ ಓಡುವ ಮೀನನ್ನು ನನ್ನಿಂದ ಇನ್ನೂ ಕೆತ್ತಲು ಆಗಿಲ್ಲ. ಆದರೆ ಇಂಥ ದೊಡ್ಡ ಸ್ವಿಮ್‌ಬೇಟ್‌ಗಳು ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಜಲಾಶಯಗಳಲ್ಲಿ. ಅಲ್ಲಿ ತಂದು ಬಿಡುವ ಟ್ರೌಟ್ ಮೀನನ್ನು ಬಾಸ್ ಎಂಬ ಬೇಟೆಮೀನು ನುಂಗುತ್ತದೆ, ಹಾಗಾಗಿ ಲೂರ್‌ಗೂ ಟ್ರೌಟ್‌ನ ಬಣ್ಣ, ಟ್ರೌಟ್‌ನ ಗಾತ್ರ. ನಮ್ಮ ಕೆರೆಯ ಕೊರವಕ್ಕೆ ಗೊತ್ತಿರುವುದು ಕಪ್ಪೆ ಮತ್ತು ಜಿಲೇಬಿ ಮೀನು. ಕೊರವ ಇರುವುದಾದರೂ ಜೊಂಡಿನ ಬುಡದಲ್ಲಿ, ಅಂತರಗಂಗೆಯ ಅಡಿಯಲ್ಲಿ. ಮೂರು ಕೊಕ್ಕೆಯ ಗಾಳಗಳನ್ನು ಹೊತ್ತ ಲೂರ್ ಅಲ್ಲಿಗೆ ಬಿದ್ದರೆ ಬೇರಿನ ಗೊಂಚಲನ್ನೇ ಎಳೆದು ತರುತ್ತದೆ. ಸಾಲದ್ದಕ್ಕೆ ಅದರ ತೂಕ 85 ಗ್ರಾಂ. ನನ್ನ ಕೋಲು ತಾಳುವುದು 30 ಗ್ರಾಂ. ತೂಕ ನೋಡದೆ ಕೊಂಡದ್ದು ನನ್ನ ತಪ್ಪು. ಅದನ್ನು ಎಸೆಯಲೆಂದೇ ಇನ್ನೊಂದು ಕೋಲು, ಇನ್ನೊಂದು ರೀಲು ಕೊಳ್ಳುವ ಶಕ್ತಿ ನನಗಿಲ್ಲ.

ಮೆತ್ತನೆಯದು ಐದಕ್ಕೆ 380 ರೂಪಾಯಿ. ಒಂಟಿ ಗಾಳದ ಮೊನೆಯನ್ನು ಅದರ ಮೈಯೊಳಗೇ ಅಡಗಿಸಬಹುದಾದ್ದರಿಂದ ಜೊಂಡಿನಲ್ಲಿ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ಹೊಸಬರು ಇದರಿಂದಲೇ ಶುರು ಮಾಡಲಿ. ನನಗೆ ಒಗ್ಗದಿರುವುದು ಅದರ ಬಾಲ. ಕೊರವದ ಹಲ್ಲಿಗೆ ಎರಡೇ ಪೆಟ್ಟಿನಲ್ಲಿ ಕಿತ್ತುಹೋಗುತ್ತದೆ, ಕಿತ್ತ ಪ್ಲಾಸ್ಟಿಕ್ ಕೆರೆಯಲ್ಲೇ ಉಳಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಬ್ಬಿಯೊಳಗೆ ಗಟ್ಟಿ ಲೂರ್ ಪಕ್ಕದಲ್ಲೇ ಇಟ್ಟಿದ್ದೆ. ಎರಡೂ ಅಂಟಿಕೊಂಡು ಲೂರ್‌ನ ಬಣ್ಣ ಕರಗಿಹೋಗಿತ್ತು.

ಇನ್ನು ಮರದ ಮೀನು. ಪರಿಚಯದ ಅಣ್ಣನೊಬ್ಬರ ವೀಳ್ಯದೆಲೆ ತೋಟದಲ್ಲಿ ಬಳ್ಳಿಗೆ ಆಸರೆಯಾಗಿದ್ದ ಹಾಲುವಾಣವೊಂದು ಒಣಗಿತ್ತು; ಕೇಳಿದ್ದಕ್ಕೆ ಮೊಳದುದ್ದ ಕಡಿದು ಕೊಟ್ಟರು. ಬೆಂಡಿನಷ್ಟು ಹಗುರ, ಚಾಕುವಿಗೂ ಬಗ್ಗುತ್ತದೆ. ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲಾ 1936ರಲ್ಲಿ ಕಾರ್ಕ್ ಕೆತ್ತಿ, ಚಾಕೊಲೇಟಿನ ಹೊಳೆಯುವ ಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಬಳಿದು ತಮ್ಮ ಮೊದಲ ಲೂರ್ ಮಾಡಿದ್ದರು. ಆ ಧೈರ್ಯದಿಂದ ನಾನೂ ಮನೆಯಲ್ಲಿದ್ದ ಚಾಕೊಲೇಟ್ ಕಾಗದವನ್ನೇ ಹೊಟ್ಟೆಗೆ ಅಂಟಿಸಿ, ಮೇಲೆ ಜಿಲೇಬಿ ಮೀನಿನ ಬೂದು ಪಟ್ಟೆಗಳನ್ನು ಎಳೆದೆ. ಹನ್ನೆರಡು ಸೆಂಟಿಮೀಟರ್ ಉದ್ದ, ನಡುವೆ ಒಂದೇ ಕೀಲು, ಹೊಟ್ಟೆಯಲ್ಲಿ ಸೀಸ, ಒಟ್ಟು 28 ಗ್ರಾಂ. ಬಾಲದ ಹಿಂದೆ ಒಂಟಿ ಗಾಳ. ಅದರ ಮೊನೆಗೆ ಜೊಂಡು ತಾಗದಂತೆ ಸೈಕಲ್ ಬ್ರೇಕ್ ತಂತಿಯ ಒಂದು ಎಳೆಯನ್ನು ಅಡ್ಡ ಕೊಟ್ಟಿದ್ದೇನೆ.

ನನ್ನನ್ನು ತಿಂಗಳಿಡೀ ಕಾಡಿದ್ದು ಆ ಕೀಲು. ಮನೆಯ ತೊಟ್ಟಿಯಲ್ಲಿ ಸೊಗಸಾಗಿ ಬಾಲ ಆಡಿಸುತ್ತಿದ್ದ ಮೀನು ಕೆರೆಯಲ್ಲಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಟ್ಟಿಗೆಯಂತೆ ನೆಟ್ಟಗಾಗುತ್ತಿತ್ತು. ಸೀಸವನ್ನು ಮುಂದಕ್ಕೆ ಸರಿಸಿದೆ, ಹಿಂದಕ್ಕೆ ಸರಿಸಿದೆ, ದಾರ ಕಟ್ಟುವ ಕಣ್ಣನ್ನು ಬಗ್ಗಿಸಿದೆ. ಮನೆಗೆ ತಂದು ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಮತ್ತೆ ಸರಿ! ಇದೇ ಗೊಂದಲದಲ್ಲಿ ನಾಲ್ಕು ಭಾನುವಾರ ಹೋದವು.

ಕೊನೆಗೆ ಎಸೆಯುವ ಮೊದಲು ಒಮ್ಮೆ, ಅರ್ಧ ಗಂಟೆಯ ನಂತರ ಒಮ್ಮೆ, ಎರಡು ತುಂಡುಗಳ ನಡುವಿನ ಸಂದಿಗೆ ಬೆಂಕಿಕಡ್ಡಿ ತೂರಿಸಿ ನೋಡಿದೆ. ಮೊದಲು ಸಲೀಸಾಗಿ ಹೋದ ಕಡ್ಡಿ ಆಮೇಲೆ ಒಳಗೆ ಹೋಗಲೇ ಇಲ್ಲ. ಮರ ಉಬ್ಬಿ ತುಂಡುಗಳು ಒಂದನ್ನೊಂದು ಒತ್ತುತ್ತಿದ್ದವು. ಮೈಗೆಲ್ಲ ಬಣ್ಣ ಬಳಿದಿದ್ದೇನಲ್ಲ, ನೀರು ಎಲ್ಲಿಂದ ಹೋಗುತ್ತದೆ ಎಂದು ನಮ್ಮ ಬೀದಿಯ ಬಡಗಿಯನ್ನು ಕೇಳಿದೆ. ಅವರು ಮೀನನ್ನು ತಿರುಗಿಸಿ ನೋಡಿ, “ಮೈಗೆ ಬಳಿದಿದ್ದೀರಿ ಸ್ವಾಮಿ, ತೂತಿಗೆ ಬಳಿದಿಲ್ಲ” ಎಂದರು. ತಂತಿ ತೂರಿಸಲು ಕೊರೆದ ತೂತುಗಳ ಒಳಗೋಡೆ ಬರಿಮರವಾಗಿಯೇ ಉಳಿದಿತ್ತು.

ಈಗ ಕೊರೆಯುವ ಕೆಲಸವೆಲ್ಲ ಮುಗಿದ ಮೇಲೆ ಎರಡೂ ತುಂಡುಗಳನ್ನು ತೆಳು ವಾರ್ನಿಷಿನಲ್ಲಿ ಒಂದು ರಾತ್ರಿ ಮುಳುಗಿಸಿಡುತ್ತೇನೆ. ವಾರವಿಡೀ ನೆರಳಲ್ಲಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ತೂತುಗಳಿಗೆ ಅಂಟು ತುಂಬಿ ತಂತಿ ಕೂರಿಸುತ್ತೇನೆ. ಬಣ್ಣ ಆಮೇಲೆ. ಸಂದಿಯನ್ನೂ ಎರಡು ಕಡ್ಡಿಯಷ್ಟು ಅಗಲ ಬಿಡುತ್ತೇನೆ. ಹೀಗೆ ಮಾಡಿದ ಎರಡನೆಯ ಮೀನು ಮೂರು ಗಂಟೆ ನೀರಿನಲ್ಲಿದ್ದರೂ ಬಾಲ ಆಡಿಸುವುದನ್ನು ಬಿಡಲಿಲ್ಲ. ಅದೇ ದಿನ ಕೋಡಿಯ ಪಕ್ಕದ ಜೊಂಡಿನ ಅಂಚಿನಲ್ಲಿ ನೀರು ಒಮ್ಮೆ ಉಬ್ಬಿತು, ದಾರ ಬಿಗಿಯಿತು. ಮೊಣಕೈ ಉದ್ದದ ಕೊರವ ನನ್ನ ಬೂದು ಪಟ್ಟೆಗಳನ್ನು ಕಚ್ಚಿ ಹಿಡಿದು ಮೇಲೆ ಬಂತು. ಬೆನ್ನಿನ ಮೇಲೆ ಅದು ಬಿಟ್ಟ ಹಲ್ಲಿನ ಗುರುತುಗಳಿಗೆ ನಾನು ಮತ್ತೆ ಬಣ್ಣ ಹಚ್ಚಿಲ್ಲ.

ಒಂದಕ್ಕೆ ತಗಲುವ ಖರ್ಚು 140 ರೂಪಾಯಿ, ಸಂಜೆಗಳು ಐದಾರು. ತೆರೆದ ಆಳ ನೀರು, ಗಟ್ಟಿ ಕೋಲು ಎರಡೂ ಇರುವವರು ದುಬಾರಿಯದನ್ನೇ ಕೊಳ್ಳಲಿ, ಅದು ಅಲ್ಲಿಗೆ ಹೇಳಿ ಮಾಡಿಸಿದ್ದು. ಕೆತ್ತಲು ಪುರುಸೊತ್ತಿಲ್ಲದವರಿಗೆ ಮೆತ್ತನೆಯದು ಸಾಕು. ನನಗೆ ಜೊಂಡಿನ ಕೆರೆ, ಚಿಕ್ಕ ಕೋಲು ಮತ್ತು ಕೈಗೆ ಕೆಲಸ ಬೇಡುವ ಸಂಜೆಗಳು ಇರುವುದರಿಂದ ಹಾಲುವಾಣವೇ ಸರಿ.

ಮಳೆ ಹಿಡಿದು ಕೊರವದ ಮರಿಗಳು ಕೆಂಪು ಗುಂಪಾಗಿ ಮೇಲೇಳತೊಡಗಿದರೆ ದೊಡ್ಡ ಮೀನುಗಳು ಕೆಳಗೆ ಕಾವಲಿರುತ್ತವೆ. ಆಗ ಎದುರಿಗೆ ಬಂದದ್ದಕ್ಕೆಲ್ಲ ಅವು ಎರಗುತ್ತವೆ, ಹಿಡಿಯುವುದು ಸುಲಭ. ಆದರೆ ಕಾವಲು ತಪ್ಪಿದ ಮರಿಗಳು ಉಳಿಯುವುದಿಲ್ಲ. ಆ ವಾರಗಳಲ್ಲಿ ಮೂರರಲ್ಲಿ ಯಾವುದನ್ನೂ ನಾನು ನೀರಿಗೆ ಇಳಿಸುವುದಿಲ್ಲ. ಮೂರನೆಯ ಮೀನಿನ ಕೆತ್ತನೆಯನ್ನು ಆ ದಿನಗಳಿಗೆಂದೇ ಎತ್ತಿಟ್ಟಿದ್ದೇನೆ.