ಹಳೇ ಸಿಮ್ಮಾರ್ 150 ಲೆನ್ಸ್: ಗಾಜು ಚೊಕ್ಕ, ಗಡಿಯಾರ ನಿಧಾನ

"ಎಲ್ಲಾ ಸ್ಪೀಡೂ ವರ್ಕಿಂಗ್ ಸಾರ್." ಹಳೆಯ ಲೆನ್ಸ್ ಮಾರುವವರು ಆಡುವ ಮಾತುಗಳಲ್ಲಿ ನಾನೀಗ ನಂಬದಿರುವುದು ಇದೊಂದನ್ನೇ. ಗಾಜಿನ ವಿಚಾರದಲ್ಲಿ ಅವರು ಹೇಳಿದ್ದು ಬಹುಪಾಲು ನಿಜವೇ ಇರುತ್ತದೆ. ಗೀರು, ಬೂಷ್ಟು ಎರಡೂ ಕಣ್ಣಿಗೆ ಬೀಳುತ್ತವಲ್ಲ, ಮುಚ್ಚಿಟ್ಟು ಏನು ಪ್ರಯೋಜನ? ಶಟರ್ ಹಾಗಲ್ಲ. ಅದು ಬೆಳಕನ್ನು ಗೊತ್ತಾದಷ್ಟು ಹೊತ್ತು ಮಾತ್ರ ಒಳಬಿಡುವ ಬಾಗಿಲು, ಆ ಹೊತ್ತಿನ ಲೆಕ್ಕವೇ ಸ್ಪೀಡು. ಒತ್ತಿದರೆ ಟಿಕ್ ಅನ್ನುತ್ತದೆ. ಅಷ್ಟಾದರೆ ವರ್ಕಿಂಗ್.

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಕ್ಸ್‌ರೇ ಟೆಕ್ನಿಷಿಯನ್. ಸೇರಿದ ಹೊಸತರಲ್ಲಿ ಡಾರ್ಕ್‌ರೂಮ್ ಇತ್ತು. ಕೆಂಪು ದೀಪ, ಡೆವಲಪರ್ ತೊಟ್ಟಿ, ಹ್ಯಾಂಗರಿಗೆ ಸಿಕ್ಕಿಸಿ ಒಣಹಾಕಿದ ಫಿಲ್ಮುಗಳು. ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಆ ಕೋಣೆಯಲ್ಲಿ ಬೆಡ್‌ಶೀಟ್ ಜೋಡಿಸಿಟ್ಟರು. ಕೈಗೆ ಹತ್ತಿದ ಚಟ ಮಾತ್ರ ಹೋಗಲಿಲ್ಲ. ಚಿತ್ರದುರ್ಗದಲ್ಲಿ ಸ್ಟುಡಿಯೋ ಇಟ್ಟಿದ್ದ ನಮ್ಮ ಸೋದರಮಾವ ತೀರಿಕೊಂಡಾಗ ಅತ್ತೆ ಅವರ ಹಾಫ್ ಪ್ಲೇಟ್ ಎಂಬ ದೊಡ್ಡ ಅಳತೆಯ ವಾಗೀಶ್ವರಿ ಕ್ಯಾಮೆರಾವನ್ನು ನನಗೇ ಕೊಟ್ಟರು. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ಮರದ ಕ್ಯಾಮೆರಾ ಅದು. ಅದರ ಹಿಂಬದಿಗೆ ಬಡಗಿಯಿಂದ 4×5 ಇಂಚಿನ ಚೌಕಟ್ಟು ಮಾಡಿಸಿಕೊಂಡಿದ್ದೇನೆ. ಒಂದು 8×10 ಎಕ್ಸ್‌ರೇ ಫಿಲ್ಮು ಕತ್ತರಿಸಿದರೆ ನಾಲ್ಕು ಹಾಳೆ. ಸರಿಯಾಗಿ ನಾಲ್ಕು ಭಾಗ ಮಾಡಿದರೆ ಫಿಲ್ಮು ಹಿಡಿದಿಡುವ ಹೋಲ್ಡರಿಗೆ ಇಳಿಯುವುದಿಲ್ಲ, ಪ್ರತಿ ಹಾಳೆಯಿಂದ ಒಂದೆರಡು ಮಿಲಿಮೀಟರ್ ಸವರಬೇಕು. ಇದು ಗೊತ್ತಾಗುವಷ್ಟರಲ್ಲಿ ಎಂಟು ಹಾಳೆ ಹಾಳಾಗಿದ್ದವು.

ಕ್ಯಾಮೆರಾದ ಜೊತೆ ಮಾವನ 21 ಸೆಂಟಿಮೀಟರಿನ ಝೈಸ್ ಟೆಸ್ಸಾರ್ ಬಂದಿತ್ತು. 1902ರಲ್ಲಿ ಪಾಲ್ ರುಡಾಲ್ಫ್ ಲೆಕ್ಕ ಹಾಕಿದ, ನಾಲ್ಕೇ ಗಾಜಿನ ವಿನ್ಯಾಸ. ಚೆಲುವಾದ ಲೆನ್ಸು, ಆದರೆ ಶಟರ್ ಇಲ್ಲ. ಮಾವ ಮುಚ್ಚಳ ತೆಗೆದು "ಒಂದು, ಎರಡು" ಎಣಿಸಿ ಮುಚ್ಚುತ್ತಿದ್ದರು. ಸ್ಟುಡಿಯೋದೊಳಗೆ ಅದು ನಡೆಯುತ್ತದೆ. ಲೆನ್ಸಿನೊಳಗೆ ಬೆಳಕು ಬರುವ ತೂತು ಅಪರ್ಚರ್, ಎಫ್ ಸಂಖ್ಯೆ ದೊಡ್ಡದಾದಷ್ಟೂ ಅದು ಚಿಕ್ಕದು. ಬಯಲಿನ ಬಿಸಿಲಿಗೆ ಎಫ್ 22 ಇಟ್ಟರೂ ನನ್ನ ಫಿಲ್ಮಿಗೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ ಸಾಕು. ಮುಚ್ಚಳ ತೆಗೆದು ಅಷ್ಟು ಬೇಗ ಹಾಕುವ ಕೈ ಯಾರಿಗಿದೆ?

ಹಾಗಾಗಿ ಶಟರ್ ಇರುವ ಲೆನ್ಸ್ ಹುಡುಕಿದೆ. ಸಿಕ್ಕಿದ್ದು ಷ್ನೈಡರ್ ಕಂಪನಿಯ ಸಿಮ್ಮಾರ್, 150 ಮಿ.ಮೀ., ಎಫ್ 5.6, ಸಿಂಕ್ರೋ ಕಾಂಪುರ್ ಎಂಬ ಶಟರಿನಲ್ಲಿ ಕೂರಿಸಿದ್ದು. 4×5 ಫಿಲ್ಮಿನ ಮೂಲೆಯಿಂದ ಮೂಲೆಗೆ ಸುಮಾರು 150 ಮಿ.ಮೀ. ಬರುವುದರಿಂದ ಇದು ಆ ಅಳತೆಗೆ ಹೇಳಿಮಾಡಿಸಿದ 'ನಾರ್ಮಲ್', ಹತ್ತಿರಕ್ಕೆ ಎಳೆಯದ, ದೂರಕ್ಕೆ ತಳ್ಳದ ಲೆನ್ಸು. ಆಸೆ ಹುಟ್ಟಿಸಿದ್ದು ಬೇರೆ ಒಂದು ಗುಣ. ಮುಂದಿನ ಗಾಜಿನ ಗುಂಪನ್ನು ತಿರುಗಿಸಿ ತೆಗೆದುಬಿಟ್ಟರೆ ಹಿಂದಿನ ಗುಂಪೊಂದೇ 265 ಮಿ.ಮೀ., ಎಫ್ 12ರ ಲೆನ್ಸಾಗಿ ಕೆಲಸ ಮಾಡುತ್ತದೆ. ಅದಕ್ಕೆಂದೇ ಬೇರೆ ಅಪರ್ಚರ್ ಸಾಲನ್ನು ಹಸಿರಿನಲ್ಲಿ ಕೆತ್ತಿರುತ್ತಾರೆ. 1970ರ ದಶಕದಲ್ಲಿ ಸಿಮ್ಮಾರ್-ಎಸ್ ಬಂದಾಗ ಈ ಸೌಕರ್ಯ ಹೋಯಿತು. ಒಂದು ದುಡ್ಡಿಗೆ ಎರಡು ಲೆನ್ಸು ಅಂದರೆ ದಾವಣಗೆರೆಯವನು ಬಿಡುತ್ತಾನೆಯೇ?

ಮಾರಾಟಗಾರ ಮುಂಬೈ ಕಡೆಯವರು. ಹದಿನಾಲ್ಕೂವರೆ ಸಾವಿರ ಅಂದರು. ಕಳಿಸಿದ ಫೋಟೋಗಳೆಲ್ಲ ಮುಂಬದಿಯವು, ಹೊಳೆಯುವ ಹೆಸರು, ಮಿಂಚುವ ಕೋಟಿಂಗ್. ವಿಡಿಯೋ ಕಾಲ್ ಮಾಡಿಸಿ, ಶಟರನ್ನು 'ಬಿ'ಗಿಟ್ಟು (ಒತ್ತಿಹಿಡಿದಷ್ಟು ಹೊತ್ತು ತೆರೆದೇ ಇರುತ್ತದೆ) ತೆರೆದು, ಹಿಂದಿನಿಂದ ಇನ್ನೊಂದು ಮೊಬೈಲಿನ ಟಾರ್ಚ್ ಓರೆಯಾಗಿ ಬಿಡಿಸಿದೆ. ಹೀಗೆ ನೋಡದೆ ಯಾರೂ ಹಳೇ ಲೆನ್ಸಿಗೆ ದುಡ್ಡು ಹಾಕಬಾರದು. ಗೀರಿಗೆ ನಾನು ಹೆದರುವವನಲ್ಲ, ಮುಂದಿನ ಗಾಜಿನ ಮೇಲೆ ಒಂದು ಗೀರಿದ್ದರೆ ನೆಗೆಟಿವಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಹುಡುಕಬೇಕಾದ್ದು ಮೂರು. ಜೇಡರ ಬಲೆಯಂತೆ ಹರಡಿದ ಬೂಷ್ಟು, ಹಾಲಿನ ತೆಳುಪೊರೆಯಂಥ ಮಂಜು, ಅಂಟಿಸಿದ ಗಾಜುಗಳ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ. ಬೂಷ್ಟು ಕೋಟಿಂಗನ್ನೇ ತಿಂದಿದ್ದರೆ ಒರೆಸಿದರೂ ಕಲೆ ಉಳಿಯುತ್ತದೆ. ಕಾಮನಬಿಲ್ಲು ಕಂಡರೆ ಒಳಗಿನ ಬಾಲ್ಸಮ್ ಅಂಟು ಬಿಡುತ್ತಿದೆ ಎಂದೇ ಅರ್ಥ, ಅದನ್ನು ನಮ್ಮೂರಲ್ಲಿ ಸರಿಮಾಡುವವರಿಲ್ಲ. ಮಂಜನ್ನು ಎಷ್ಟೋ ಸಲ ಮನೆಯಲ್ಲೇ ಒರೆಸಬಹುದು.

ಈ ಲೆನ್ಸಿನ ಅಂಚಿನಲ್ಲಿ ಬಿಳಿ ಚುಕ್ಕೆಗಳಿದ್ದವು, ಅಕ್ಕಿ ಹಿಟ್ಟು ಉದುರಿಸಿದ ಹಾಗೆ. ಮಾರಾಟಗಾರರೇ ಗಾಬರಿಯಾಗಿ "ಫಂಗಸ್ ಇರಬಹುದು" ಅಂದರು. ಅಲ್ಲ. ಗಾಜಿನ ಅಂಚಿಗೆ ಬಳಿದ ಕಪ್ಪು ಬಣ್ಣ ಒಳಗೊಳಗೇ ಬಿಡುವುದು ಅದು, ಈ ಕಂಪನಿಯ ಲೆನ್ಸುಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಷ್ನೈಡರೈಟಿಸ್ ಅಂತ ಕಾಯಿಲೆಯ ಹೆಸರೇ ಇಟ್ಟಿದ್ದಾರೆ. ಚಿತ್ರಕ್ಕೆ ಏನೂ ಆಗುವುದಿಲ್ಲ. ನನಗೆ ಇದು ಗೊತ್ತಿತ್ತು, ಆದರೂ ಗೊತ್ತಿಲ್ಲದವನಂತೆ ಮುಖ ಸಪ್ಪಗೆ ಮಾಡಿ ಹನ್ನೆರಡು ಸಾವಿರಕ್ಕೆ ಇಳಿಸಿದೆ. ಪಾಪ ಅನಿಸಿತು. ಮುಂದೆ ಏನಾಯಿತೆಂದು ಓದಿದರೆ ನಿಮಗೆ ಅನಿಸಲಿಕ್ಕಿಲ್ಲ.

ಪಾರ್ಸೆಲ್ ಬಂತು. ಗಾಜು ಹೇಳಿದ ಹಾಗೇ ಇತ್ತು, ಹಿಂದಿನ ಗುಂಪಿನ ಒಳಮೈಯಲ್ಲಿ ಮಾತ್ರ ತೆಳು ಮಂಜು. ಒರೆಸಿದೆ, ಹೋಯಿತು. ಆಮೇಲೆ ಶಟರನ್ನು ಒಂದು ಸೆಕೆಂಡಿಗಿಟ್ಟು ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿದೆ. ತೆರೆಯುವ ಟಿಕ್, ನಡುವೆ ಜಿರ್ ಎಂಬ ಗೊಣಗಾಟ, ಮುಚ್ಚುವ ಟಿಕ್. ಎರಡು ಟಿಕ್‌ಗಳ ನಡುವಿನ ಅಂತರ ಅಳೆದರೆ 1.7 ಸೆಕೆಂಡು. ಮತ್ತೆ ಒತ್ತಿದೆ, 1.3. ಮಾರನೇ ದಿನ ಬೆಳಗಿನ ಚಳಿಯಲ್ಲಿ ಒತ್ತಿದರೆ ಜಿರ್ ಅಂತ ಶುರುವಾದದ್ದು ನಡುವೆಯೇ ನಿಂತುಹೋಯಿತು, ಬಾಗಿಲು ತೆರೆದೇ ಇದೆ! 1/15 ಸೆಕೆಂಡು ಮತ್ತು ಅದಕ್ಕಿಂತ ಚುರುಕಿನ ಸ್ಪೀಡುಗಳೆಲ್ಲಾ ಸರಿಯಾಗಿದ್ದ ಹಾಗೆ ಕೇಳಿಸಿತು. 1/125 ದಾಟಿದ ಮೇಲೆ ಕಿವಿಯನ್ನೂ ನಂಬುವಂತಿಲ್ಲ, ಮೊಬೈಲನ್ನೂ ನಂಬುವಂತಿಲ್ಲ.

ನಿಧಾನವಾಗಿದ್ದರೆ ತೊಂದರೆಯಿಲ್ಲ. ಒಂದು ಸೆಕೆಂಡೆಂದರೆ ಯಾವಾಗಲೂ 1.7 ಅಂತಿದ್ದರೆ ಹೋಲ್ಡರಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡು ಹಾಗೇ ನಡೆಸಬಹುದಿತ್ತು. ಒಮ್ಮೆ ಹೀಗೆ, ಒಮ್ಮೆ ಹಾಗೆ ಅಂದರೆ ಲೆಕ್ಕವೇ ಇಲ್ಲ. ಈ ಅಳತೆಯ ಕ್ಯಾಮೆರಾದಲ್ಲಿ ಎಲ್ಲವನ್ನೂ ಎಫ್ 22, ಎಫ್ 32ಕ್ಕೆ ಇಟ್ಟೇ ತೆಗೆಯುವುದರಿಂದ ಬೇಕಾಗುವುದು ನಿಧಾನದ ಸ್ಪೀಡುಗಳೇ. 1/500 ಕೆಟ್ಟಿದ್ದರೆ ನನಗೆ ವರ್ಷಗಟ್ಟಲೆ ಗೊತ್ತೇ ಆಗುತ್ತಿರಲಿಲ್ಲ.

ಫೋನ್ ಮಾಡಿದರೆ ಮಾರಾಟಗಾರರು "ನಮ್ಮ ಹತ್ತಿರ ಇದ್ದಾಗ ಸರಿಯಾಗಿತ್ತು" ಅಂದರು. ಅದೇ ಮಾತು ಮೂರು ಸಲ. ನಾಲ್ಕನೇ ಸಲ ಫೋನ್ ಎತ್ತಲಿಲ್ಲ.

ಮಂಡಿಪೇಟೆಯ ಕಡೆ ಕೈಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಮುಂದಿಟ್ಟೆ. ಕಣ್ಣಿಗೆ ಲೂಪ್ ಸಿಕ್ಕಿಸಿ ಮುಂಭಾಗದ ತಟ್ಟೆ ತೆಗೆದರು. ನಿಧಾನದ ಸ್ಪೀಡಿಗೆ ಇರುವ ಪುಟ್ಟ ಹಲ್ಲಿನ ಚಕ್ರಗಳ ಸಾಲು ಕಂಡದ್ದೇ ಮುಖ ಅರಳಿತು. "ಇದು ಟೈಂಪೀಸಿನ ತಮ್ಮ ಅಲ್ಲೇನ್ರಿ! ನೀವು ಏನೋ ಕ್ಯಾಮೆರಾ ಅಂದ್ರಿ." ಹಳೆಯ ಜಿಡ್ಡು ಒಣಗಿ ಮೇಣದಂತಾಗಿ ಚಕ್ರಗಳನ್ನು ಹಿಡಿದಿತ್ತು. ಎಣ್ಣೆಯ ಸೂಜಿ ಕೈಗೆತ್ತಿಕೊಂಡಾಗ ಮಾತ್ರ ನಾನು ಬೇಡಿಕೊಂಡೆ. ಶಟರಿನ ತೆಳು ಲೋಹದ ಎಲೆಗಳು ಒಣಗಿಯೇ ಇರಬೇಕು, ಅವುಗಳ ಮೇಲೆ ಎಣ್ಣೆ ಹರಿದರೆ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಅವರಿಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಆದರೂ ಚಕ್ರಗಳ ಸಾಲನ್ನು ಮಾತ್ರ ಬಿಡಿಸಿ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ ಕೂರಿಸಿದರು. ಐನೂರು ರೂಪಾಯಿ. ಈಗ ಒಂದು ಸೆಕೆಂಡೆಂದರೆ 1.1, ಹತ್ತು ಸಲ ಒತ್ತಿದರೆ ಹತ್ತೂ ಸಲ.

ನಿಮ್ಮ ಕಾಂಪುರಿನ ಪಕ್ಕದಲ್ಲಿ 'ವಿ', 'ಎಕ್ಸ್', 'ಎಂ' ಅಂತ ಗುರುತಿರುವ ಸಣ್ಣ ಕಡ್ಡಿ ಇದ್ದರೆ ಅದನ್ನು 'ವಿ'ಗೆ ತಳ್ಳಲು ಹೋಗಬೇಡಿ. ಅದು ಸೆಲ್ಫ್ ಟೈಮರ್, ಉಳಿದೆರಡು ಫ್ಲ್ಯಾಶಿಗೆ. ಇಷ್ಟು ಹಳೆಯ ಶಟರಿನಲ್ಲಿ ಅದು ಹೊರಟರೆ ಮನೆ ತಲುಪುವ ಭರವಸೆಯಿಲ್ಲ, ಜೊತೆಗೆ ಶಟರನ್ನೂ ಸಿಕ್ಕಿಸುತ್ತದೆ. 'ಎಕ್ಸ್'ನಲ್ಲೇ ಬಿಡಿ.

ಇನ್ನೊಂದು ಕಾಟ ರಿಂಗಿನದು. ಲೆನ್ಸನ್ನು ಕ್ಯಾಮೆರಾದ ಮುಂದಿನ ಹಲಗೆಗೆ ಹಿಂದಿನಿಂದ ಬಿಗಿಯುವ ಉಂಗುರವನ್ನು ಮಾರಾಟಗಾರರು ಕಳಿಸಿಯೇ ಇರಲಿಲ್ಲ. ಹಲಗೆಯ ತೂತಿನ ಅಳತೆ ಎಲ್ಲರೂ ಬರೆಯುತ್ತಾರೆ. ಉಂಗುರ ಇಲ್ಲದಿದ್ದರೆ ತೂತು ಕಟ್ಟಿಕೊಂಡು ಏನು ಮಾಡುವುದು? ಹಳೇ ಪಿ.ಬಿ. ರಸ್ತೆಯ ಒಂದು ಲೇತ್ ಅಂಗಡಿಗೆ ಹೋದೆ. ವರ್ನಿಯರ್ ಹಿಡಿದು, ಪಿಚ್ ಗೇಜ್ ಇಟ್ಟು ನೋಡಿ, ಅವರು ನಕ್ಕರು. "ಬೋರ್ ಮೋಟ್ರಿನ ಬುಷ್ ಮಾಡೋನ ಹತ್ರ ಬಂದು ಉಂಗುರ ಮಾಡು ಅಂತೀರಲ್ಲ ಸಾರ್." ಮೊದಲನೆಯದು ಎರಡು ಸುತ್ತಿಗೇ ಥ್ರೆಡ್ ಕಿತ್ತುಕೊಂಡಿತು. ಎರಡನೆಯದು, ಹಿತ್ತಾಳೆಯದ್ದು, ಬೆಣ್ಣೆಯಂತೆ ಕೂತಿತು. ಮುನ್ನೂರೈವತ್ತು ತೆಗೆದುಕೊಂಡರು, ಕೆಟ್ಟದ್ದಕ್ಕೆ ದುಡ್ಡು ಬೇಡ ಅಂದರು. ಇಡೀ ಖರೀದಿಯಲ್ಲಿ ನನಗೆ ತೃಪ್ತಿ ಕೊಟ್ಟ ವ್ಯವಹಾರ ಇದೊಂದೇ.

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಬೆಳಗಿನ ಜಾವ ಅಕ್ಕನ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅರವತ್ತು ಕಿಲೋಮೀಟರ್ ಹೋಗಿ ಚಿತ್ರದುರ್ಗದ ಚಂದ್ರವಳ್ಳಿ ತಲುಪಿದೆ. ಕೆರೆಯ ದಂಡೆಯಿಂದ ಬಂಡೆಗಳನ್ನು 150ರಲ್ಲಿ ತೆಗೆದೆ, ಎಫ್ 22. ನೆಗೆಟಿವನ್ನು ಬೆಳಕಿಗೆ ಹಿಡಿದು ಲೂಪಿನಲ್ಲಿ ನೋಡಿದರೆ ದೂರದ ಬಂಡೆಯ ಬಿರುಕಿನಲ್ಲಿ ಹುಟ್ಟಿದ ಹುಲ್ಲಿನ ಕಡ್ಡಿಗಳನ್ನು ಎಣಿಸಬಹುದು. ಅಂಕಲಿ ಮಠದ ಗುಹೆಯ ಬಾಯಲ್ಲಿ ಒಂದು ಸೆಕೆಂಡು ಕೊಟ್ಟೆ. ರಿಪೇರಿಗೆ ಮುಂಚೆ ಹೋಗಿದ್ದರೆ ಅದು ಒಂದೋ, ಎರಡೋ, ಇಡೀ ದಿನವೋ.

265ರ ಕತೆ ಬೇರೆ. ಎಫ್ 12ರಲ್ಲಿ ಚಿತ್ರ ಮೆತ್ತಗೆ, ಅಂಚುಗಳು ಕರಗಿದ ಹಾಗೆ. ಎಫ್ 32ಕ್ಕೆ ಇಳಿಸಿ ಹಳದಿ ಫಿಲ್ಟರ್ ಹಾಕಿದರೆ ಚೊಕ್ಕವಾಗುತ್ತದೆ. ಅಪರ್ಚರ್ ಇಳಿಸಿದಂತೆ ಫೋಕಸ್ ಜಾರುವುದರಿಂದ, ಇಳಿಸಿದ ಮೇಲೆಯೇ ಫೋಕಸ್ ಮಾಡಬೇಕು. ಕ್ಯಾಮೆರಾ ಹಿಂಬದಿಯ ಅಷ್ಟು ಕತ್ತಲೆಯ ಫೋಕಸ್ ಗಾಜಿನ ಮೇಲೆ ಅಮ್ಮನ ಹಳೇ ಕಪ್ಪು ಸೀರೆ ಹೊದ್ದು ಹುಡುಕಾಡುವುದು ಕಣ್ಣಿಗೆ ಶಿಕ್ಷೆ. ಫಿಲ್ಟರ್ ಸಿಕ್ಕಿಸಲು ಮುಂದೆ ಥ್ರೆಡ್ಡೂ ಇರುವುದಿಲ್ಲ, ಟೇಪಿನಲ್ಲಿ ಅಂಟಿಸಿದೆ. ಮುಂದಿನ ಗಾಜು ತೆಗೆದ ಮೇಲೆ ಶಟರಿನ ಎಲೆಗಳು ಬಟಾಬಯಲು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ, ಆ ಗಾಳಿ ಹೊತ್ತು ತರುವ ದೂಳಿಗೆ ಐನೂರು ಕೊಟ್ಟು ತೊಳೆಸಿದ ಶಟರನ್ನು ಬಾಯಿ ತೆರೆದು ಒಡ್ಡುವುದೆಂದರೆ ಎದೆ ಡವಡವ. ಬಯಲಿನಲ್ಲಿ 265 ಮತ್ತೆ ಹಾಕಲಿಲ್ಲ.

ಮನೆಯ ಜಗಲಿಯಲ್ಲಿ ಅಮ್ಮನನ್ನು ಕೂರಿಸಿ 265ರಲ್ಲೇ ಒಂದು ತೆಗೆದೆ. ಕ್ಯಾಮೆರಾದ ಮಡಿಕೆ ತಿದಿ (ಬೆಲ್ಲೋಸ್) ಕೊನೆ ಮುಟ್ಟಿತು, ಮುಖ ತುಂಬುವಷ್ಟು ಹತ್ತಿರ ಹೋಗಲಾಗಲಿಲ್ಲ. ಎಕ್ಸ್‌ರೇ ಫಿಲ್ಮಿಗೆ ಕೆಂಪು ಕಾಣುವುದಿಲ್ಲವಾದ್ದರಿಂದ ಹಣೆಯ ಕುಂಕುಮ ಇದ್ದಿಲಿನಷ್ಟು ಕಪ್ಪು. ಅಮ್ಮ ನೋಡಿ, "ನಿಮ್ಮ ಮಾವ ತೆಗೆದಿದ್ದೇ ಚೆನ್ನಾಗಿತ್ತು" ಅಂದರು. ಒಪ್ಪಬೇಕಾದ ಮಾತು. ಮುಖಕ್ಕೆ ಆ ಟೆಸ್ಸಾರೇ ಸರಿ.

ಲೆಕ್ಕ: ಲೆನ್ಸಿಗೆ ಹನ್ನೆರಡು ಸಾವಿರ, ಕೊರಿಯರ್ ನಾನೂರು, ಗಡಿಯಾರದವರಿಗೆ ಐನೂರು, ಲೇತಿಗೆ ಮುನ್ನೂರೈವತ್ತು, ಹಲಗೆಗೆ ಇನ್ನೂರು. ಹದಿಮೂರು ಸಾವಿರದ ನಾನೂರೈವತ್ತು. 150 ಆಗಿ ನೋಡಿದರೆ ಈ ದುಡ್ಡಿಗೆ ಮೋಸವಿಲ್ಲ, ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಎರಡು ಲೆನ್ಸು ಅನ್ನುವ ಆಸೆಗೆ ಮಾತ್ರ ಕೊಳ್ಳುವವರು ಬೇಡ, ಅದಕ್ಕೆ ಎರಡು. ಮಾರಾಟಗಾರರಿಗೆ ಏನೂ ಇಲ್ಲ.

ಈಗ ಒಂದು 210 ಮಿ.ಮೀ. ಲೆನ್ಸಿನ ಮಾತುಕತೆ ನಡೆದಿದೆ, ಬೇರೆಯವರ ಹತ್ತಿರ. ಈ ಸಲ ಫೋಟೋಗಿಂತ ಮೊದಲು ಕೇಳಿದ್ದು ವಾಟ್ಸ್ಆ್ಯಪ್ ವಾಯ್ಸ್ ಮೆಸೇಜು: ಒಂದು ಸೆಕೆಂಡಿಗಿಟ್ಟು ಐದು ಸಲ ಒತ್ತಿ, ಬೆಳಗ್ಗೆ ಎದ್ದ ಕೂಡಲೇ ಒತ್ತಿ. ಕಳಿಸಿದರು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿದೆ, ಅದರ ನಡುವೆ ಟಿಕ್, ಜಿರ್, ಟಿಕ್. ಐದೂ ಸಲ 1.2. ಅಡ್ವಾನ್ಸ್ ಹಾಕಿದೆ. ಆಮೇಲೆ ನೆನಪಾಗಿ ರಿಂಗ್ ಇದೆಯಾ ಎಂದು ಕೇಳಿದೆ. ಇಲ್ಲವಂತೆ. ನಾಳೆ ಲೇತ್ ಅಂಗಡಿ ಕಡೆ ಹೋಗಬೇಕು.