ಅಲಾಸ್ಕದ ಸಾಲ್ಮನ್ ಸೀಸನ್: ಗಿಲ್‌ನೆಟ್ ಬೋಟೋ, ಪರ್ಸಿನ್ ಬೋಟೋ?

ಅಲಾಸ್ಕದಲ್ಲಿ ಸಾಲ್ಮನ್ ಮೀನು ಹಿಡಿಯುವ ಬೋಟಿನಲ್ಲಿ ಒಂದು ಸೀಸನ್ ಕೆಲಸ ಮಾಡಬೇಕೆಂದಿದ್ದರೆ ಎರಡು ದಾರಿ: ಮೀನಿನ ಕಿವಿರು ಸಿಕ್ಕಿಕೊಳ್ಳುವ ಗಿಲ್‌ನೆಟ್ ಬಲೆ, ಇಲ್ಲವೇ ಮೀನಿನ ಗುಂಪನ್ನು ಸುತ್ತುವರಿಯುವ ಪರ್ಸಿನ್ ಬಲೆ. ಮೊದಲು ಕೈಯಲ್ಲಿ ಎಷ್ಟು ವಾರ ಇದೆ ನೋಡಿಕೊಳ್ಳಿ. ನೈಋತ್ಯ ಅಲಾಸ್ಕದ ಬ್ರಿಸ್ಟಲ್ ಬೇ ಕೊಲ್ಲಿಯ ಗಿಲ್‌ನೆಟ್ ಕೆಲಸದ ಬಹುಪಾಲು ಜೂನ್ ನಡುವಿನಿಂದ ಜುಲೈ ಕೊನೆಯೊಳಗೆ ಮುಗಿಯುತ್ತದೆ. ಅಲ್ಲಿ ಸಿಗುವ ಸಾಕೈ ಎಂಬ ಜಾತಿಯ ಸಾಲ್ಮನ್‌ನ ಭರಾಟೆ ಜುಲೈ 4ರ ಆಸುಪಾಸು. ಆಗ್ನೇಯ ಅಲಾಸ್ಕದ ಪರ್ಸಿನ್‌ಗೆ ಹೋದರೆ ಪಿಂಕ್, ಚಮ್ ಜಾತಿಯ ಸಾಲ್ಮನ್‌ಗಾಗಿ ಆಗಸ್ಟ್ ಕೊನೆಯವರೆಗೂ ನಿಲ್ಲಬೇಕು.

ಬ್ರಿಸ್ಟಲ್ ಬೇಯಲ್ಲಿ ಬೋಟು 32 ಅಡಿ ಮೀರುವಂತಿಲ್ಲ, ಅದರಲ್ಲೇ ಮೂರ್ನಾಲ್ಕು ಜನ. ಪರ್ಸಿನ್ ಬೋಟು 58 ಅಡಿವರೆಗೆ, ಸಾಮಾನ್ಯವಾಗಿ ಐವರು.

ನಿಜವಾದ ವ್ಯತ್ಯಾಸ ಮೈಗೆ ಬೀಳುವ ಪೆಟ್ಟಿನದು. ಗಿಲ್‌ನೆಟ್‌ನಲ್ಲಿ ಕಿವಿರು ಸಿಕ್ಕಿಕೊಂಡ ಒಂದೊಂದೇ ಮೀನನ್ನು ಕೈಯಿಂದ ಬಿಡಿಸಬೇಕು. ಭರಾಟೆಯಲ್ಲಿ ನಿದ್ದೆ ತುಣುಕು ತುಣುಕು. ಬೆರಳು ಊದಿ, ಎದ್ದಾಗ ಮುಷ್ಟಿ ಬಿಚ್ಚುವುದೇ ಕಷ್ಟ. ಮಣಿಕಟ್ಟಿಗೆ ಹಳೇ ನೋವಿದ್ದರೆ ಇದು ಬೇಡವೇ ಬೇಡ.

ಪರ್ಸಿನ್‌ನಲ್ಲಿ ಸ್ಕಿಫ್ ಎಂಬ ಚಿಕ್ಕ ದೋಣಿ ಬಲೆಯ ಒಂದು ತುದಿ ಹಿಡಿಯುತ್ತದೆ, ಬೋಟು ಸುತ್ತು ಹಾಕುತ್ತದೆ, ಹಗ್ಗ ಎಳೆದು ತಳ ಮುಚ್ಚುತ್ತಾರೆ. ಬಲೆ ಎಳೆಯುವ ಯಂತ್ರದ ರಾಟೆಯಾದ ಪವರ್ ಬ್ಲಾಕ್‌ನಿಂದ ಇಳಿಯುವ ಬಲೆಯನ್ನು ಒಪ್ಪವಾಗಿ ಪೇರಿಸುವುದು ನಿಮ್ಮ ಕೆಲಸ. ಮೇಲಿಂದ ಅಂಬಲಿ ಮೀನಿನ (ಜೆಲ್ಲಿಫಿಶ್) ಚೂರು ಉದುರಿ ಕಣ್ಣು ಉರಿಯುತ್ತದೆ, ಕನ್ನಡಕ ಹಾಕಿ. ಬಲೆ ಬಿಡುವಾಗ ಓಡುವ ಹಗ್ಗದ ಸುರುಳಿಯೊಳಗೆ ಕಾಲಿಟ್ಟರೆ ಅದರ ಜೊತೆಗೇ ನೀರಿಗೆ.

ಎರಡರಲ್ಲೂ ಸಂಬಳವಲ್ಲ, ಪಾಲು. ಡೀಸೆಲ್, ಊಟ ಕಳೆದ ಮೇಲೋ ಮೊದಲೋ ಎಂದು ಬರಹದಲ್ಲಿ ಪಡೆಯಿರಿ: 2 ಲಕ್ಷ ಡಾಲರ್ ಮೀನಿಗೆ 40 ಸಾವಿರ ಖರ್ಚಾದರೆ, ಶೇ 10ರ ಪಾಲು 20 ಸಾವಿರದಿಂದ 16 ಸಾವಿರಕ್ಕೆ ಇಳಿಯುತ್ತದೆ.

ಕಾಲೇಜು ರಜೆಯಷ್ಟೇ ಇದ್ದು ನಿದ್ದೆಗೆಡಲು ತಯಾರಿದ್ದವರಿಗೆ ಗಿಲ್‌ನೆಟ್ ಒಗ್ಗುತ್ತದೆ. ಪೂರ್ತಿ ಬೇಸಿಗೆ ಕೊಟ್ಟು ದೊಡ್ಡ ಬೋಟಿನ ಕೆಲಸ ಕಲಿಯುವವರಿಗೆ ಪರ್ಸಿನ್. ಯಾವುದನ್ನು ಆರಿಸಿದರೂ ಅಲಾಸ್ಕ ರಾಜ್ಯದ ಕ್ರೂ ಲೈಸೆನ್ಸ್ ಮೊದಲೇ ಮಾಡಿಸಿಕೊಳ್ಳಿ.