ಚೋರಾವ್ ಪಕ್ಷಿಧಾಮದ ದೋಣಿ ಸವಾರಿ: ಮನೆಮಂದಿಯೆಲ್ಲ ಒಟ್ಟಿಗೆ ಹೋಗುವವರಿಗೆ

ಊರಿಂದ ನೆಂಟರು ಗೋವಾಕ್ಕೆ ಬಂದರೆ ಬೀಚು, ಹಳೇ ಗೋವಾದ ಚರ್ಚುಗಳು, ಒಂದಿಷ್ಟು ಗೋಡಂಬಿ ಖರೀದಿ, ಅಲ್ಲಿಗೆ ಮುಗಿಯಿತು. ಆಮೇಲೆ ಎಲ್ಲಿಗೆ ಕರೆದುಕೊಂಡು ಹೋಗೋದು? ಮಂಡಿನೋವಿನ ಅತ್ತೆ, ಸುಮ್ನೆ ಕೂರದ ಮಕ್ಕಳು, ಬಿಸಿಲು ಆಗದ ಮಾವ, ಎಲ್ಲರೂ ಒಂದೇ ಕಡೆ ಖುಷಿಯಾಗಿರುವ ಜಾಗ ಸಿಗೋದು ಕಷ್ಟ. ನನ್ನ ಮಟ್ಟಿಗೆ ಆ ಜಾಗ ಚೋರಾವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮ. ಅದರಲ್ಲೂ ಅಲ್ಲಿನ ದೋಣಿ ಸವಾರಿ.

ನಾನು ಮತ್ತು ನಮ್ಮ ಯಜಮಾನರು ವಾಸ್ಕೋ ಕಡೆ ಒಂದು ಕನ್ನಡ ಸಭೆಯಲ್ಲಿ ಸುವಾರ್ತೆ ಸೇವೆಯಲ್ಲಿದ್ದೇವೆ. ಸಭೆಗೆ ಬರುವವರಲ್ಲಿ ಹೆಚ್ಚಿನವರು ಗದಗ, ಬಾಗಲಕೋಟೆ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರು. ಭಾನುವಾರ ಆರಾಧನೆ, ವಾರವಿಡೀ ಮನೆ ಭೇಟಿ, ಸಂಜೆ ಮಕ್ಕಳಿಗೆ ಪಾಠ. ಬಿಡುವು ಅಂತ ಇದ್ದರೆ ಸೋಮವಾರ. ಕ್ರಿಸ್ಮಸ್ ಮುಗಿದ ಮೇಲೆ ಧಾರವಾಡದಿಂದ ಅತ್ತೆ-ಮಾವ, ಮೈದುನನ ಸಂಸಾರ ಬಂದಿಳಿಯುತ್ತಾರೆ. ಆಗ ಈ ಸವಾರಿ ಇರಲೇಬೇಕು, ಇಲ್ಲದಿದ್ದರೆ ಮಕ್ಕಳು ಬಿಡೋದಿಲ್ಲ.

ದಾರಿ ಸುಲಭ. ಪಣಜಿಯ ಪಕ್ಕದ ರಿಬಂದರ್‌ನಿಂದ ಫೆರಿ ಹತ್ತಿ ಮಾಂಡೋವಿ ದಾಟಿದರೆ ಚೋರಾವ್. ಕಾರು, ಬೈಕು, ಮೀನಿನ ಬುಟ್ಟಿ, ಶಾಲೆ ಮಕ್ಕಳು, ಎಲ್ಲ ಅದರಲ್ಲೇ. ಇಳಿದ ಕೂಡಲೇ ಹತ್ತಿರದಲ್ಲೇ ಪಕ್ಷಿಧಾಮದ ಬಾಗಿಲು. ದೊಡ್ಡ ಜಾಗವೇನಲ್ಲ, 1.78 ಚದರ ಕಿಲೋಮೀಟರ್ ಅಷ್ಟೇ. 1988ರಲ್ಲಿ ಪಕ್ಷಿಧಾಮ ಅಂತ ಘೋಷಿಸಿದ್ದು, ಅಂದರೆ ಸಲೀಂ ಅಲಿ ತೀರಿಕೊಂಡ ಮರುವರ್ಷ. ಒಳಗೆ ನಡೆಯುವ ದಾರಿ ಇದೆ, ವೀಕ್ಷಣಾ ಗೋಪುರವೂ ಇದೆ. ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಎರಡೂ ಕಡೆ ಒತ್ತಾಗಿ ಬೆಳೆದಿರುವುದರಿಂದ ನಡೆದುಕೊಂಡು ಹೋದರೆ ಹಕ್ಕಿಗಳ ದನಿ ಜಾಸ್ತಿ ಕೇಳುತ್ತದೆ, ಹಕ್ಕಿ ಕಡಿಮೆ ಕಾಣುತ್ತದೆ. ದೋಣಿಯಲ್ಲಿ ಹೋದರೆ ಹಾಗಲ್ಲ.

ದೋಣಿ ನಡೆಸುವವರು ದ್ವೀಪದವರೇ. ನಾವು ಸದಾ ಕರೆಯುವ ಹಿರಿಯರೊಬ್ಬರಿದ್ದಾರೆ, ಯಜಮಾನರು ಅವರ ಜತೆ ಕೊಂಕಣಿಯಲ್ಲಿ ಮಾತಾಡುತ್ತಾರೆ, ನಮ್ಮವರಿಗೆ ಕನ್ನಡದಲ್ಲಿ ಹೇಳುತ್ತಾರೆ. ಅವರ ಬಗ್ಗೆ ನನಗೆ ಗೌರವ ಬರಲು ಒಂದೇ ಕಾರಣ ಸಾಕು: ಅವರು ಗಡಿಯಾರ ನೋಡಿ ಟೈಮ್ ಕೊಡುವುದಿಲ್ಲ, ಭರತ-ಇಳಿತ ನೋಡಿ ಕೊಡುತ್ತಾರೆ. ಈ ಸವಾರಿಯ ಗುಟ್ಟೆಲ್ಲ ಅದರಲ್ಲೇ ಇದೆ. ನೀರು ತುಂಬಿದ್ದರೆ ಮಾತ್ರ ದೋಣಿ ಒಳಗಿನ ಸಣ್ಣ ಕಾಲುವೆಗಳಿಗೆ ಹೋಗುತ್ತದೆ. ನೀರು ಇಳಿದರೆ ಮಾತ್ರ ಕೆಸರು ಹೊರಗೆ ಬರುತ್ತದೆ, ಆ ಕೆಸರಿಗೆ ಹಕ್ಕಿ ಮೇಯಲು ಬರುತ್ತದೆ. ಹಾಗಾಗಿ ಭರತ ತುಂಬಿದ ಹೊತ್ತಿಗೆ ಒಳಗೆ ಹೊಕ್ಕು, ನೀರು ಇಳಿಯುತ್ತಿದ್ದಂತೆ ಹೊರಗೆ ಬರುವುದು ಅವರ ಲೆಕ್ಕ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ, ಅದಕ್ಕೇ ಇವತ್ತು ಏಳೂವರೆಗೆ ಹೊರಟವರು ನಾಳೆಯೂ ಏಳೂವರೆಗೇ ಬರುತ್ತೇವೆ ಅಂದರೆ ಅವರು ಒಪ್ಪುವುದಿಲ್ಲ. ಹಿಂದಿನ ದಿನ ಸಂಜೆ ಫೋನ್ ಮಾಡಿ ಕೇಳಿ.

ಕಾಲುವೆ ಒಳಗೆ ಹೋದ ಮೇಲೆ ಇಂಜಿನ್ ಆಫ್. ಬರೀ ಕೋಲು ಊರಿ ದೋಣಿ ತಳ್ಳುತ್ತಾರೆ. ಆಗ ಎಲೆಗಳು ಮುಖಕ್ಕೇ ತಾಗುವಷ್ಟು ಹತ್ತಿರ. ಒಂದು ಜಾತಿಯ ಗಿಡದ ಎಲೆ ಮೇಲೆ ಬೆರಳಾಡಿಸಿ ನೆಕ್ಕಿ ನೋಡಿ ಅಂದರು. ಮಕ್ಕಳು ನೆಕ್ಕಿದರು. ಉಪ್ಪು! ಬೇರಿನಿಂದ ಬಂದ ಉಪ್ಪನ್ನು ಆ ಗಿಡ ಎಲೆಯ ಮೂಲಕ ಹೊರಗೆ ಹಾಕುತ್ತದಂತೆ, ಬೆಳಗಿನ ಬೆಳಕಿನಲ್ಲಿ ಹರಳುಹರಳಾಗಿ ಮಿನುಗುವುದು ನಮಗೆಲ್ಲ ಕಂಡಿತು. ಪಕ್ಕದ ಇನ್ನೊಂದು ಜಾತಿಯಲ್ಲಿ ನುಗ್ಗೆಕಾಯಿ ಹಾಗೆ ಉದ್ದುದ್ದ ಹಸಿರು ಕಡ್ಡಿಗಳು ನೇತಾಡುತ್ತಿದ್ದವು. ಅವು ಕಾಯಲ್ಲ, ಮರದ ಮೇಲೇ ಮೊಳೆತ ಸಸಿಗಳು. ಸಾಕಷ್ಟು ಬೆಳೆದ ಮೇಲೆ ಕಳಚಿ ಕೆಸರಿಗೆ ನಾಟಿಕೊಳ್ಳುತ್ತವೆ, ಇಲ್ಲದಿದ್ದರೆ ನೀರಿನಲ್ಲಿ ತೇಲಿಹೋಗಿ ಬೇರೆಲ್ಲೋ ಬೇರು ಬಿಡುತ್ತವೆ. ಅತ್ತೆ ಬಹಳ ಹೊತ್ತು ಅದನ್ನೇ ನೋಡಿ, "ಕೂಸನ್ನ ಕಾಲ ಮ್ಯಾಲೆ ನಿಲ್ಲೂ ಹಂಗ ಮಾಡೇ ಬಿಡ್ತದಲ್ಲವ್ವಾ ಈ ಗಿಡ" ಅಂದರು. ಹಕ್ಕಿಗಿಂತ ಅವರಿಗೆ ಅದೇ ಮನಸ್ಸಿಗೆ ಹಿಡಿಸಿತು.

ಮಾವನವರು ನಿವೃತ್ತ ಶಿಕ್ಷಕರು. ಅವರು ಕೆಸರಿನ ಮೇಲಿನ ಏಡಿಗಳಿಗೆ ಸೋತುಹೋದರು. ಗಂಡು ಏಡಿಗೆ ಒಂದು ಕೊಂಬು, ಅಂದರೆ ಇಕ್ಕಳದಂಥ ಮುಂಗಾಲು, ಮೈಗಿಂತ ದೊಡ್ಡದು, ಅದನ್ನೆತ್ತಿ ಹೆಣ್ಣನ್ನು ಕರೆಯುತ್ತದೆ, ಬೇರೆ ಗಂಡನ್ನು ಹೆದರಿಸುತ್ತದೆ. ಪಕ್ಕದಲ್ಲೇ ಕಣ್ಣು ನೆತ್ತಿಗೆ ಹತ್ತಿಸಿಕೊಂಡ ಮಡ್‌ಸ್ಕಿಪ್ಪರ್ ಮೀನುಗಳು ನೀರು ಬಿಟ್ಟು ಕೆಸರಲ್ಲಿ ಕುಪ್ಪಳಿಸುತ್ತಿದ್ದವು. ಮೈದುನನ ಮಗಳಂತೂ "ದೊಡ್ಡವ್ವಾ, ಮೀನು ನಡೀತದ!" ಅಂತ ಕೂಗಿ ಎರಡು ಬೆಳ್ಳಕ್ಕಿ ಹಾರಿಸಿಬಿಟ್ಟಳು. ದೋಣಿಯವರು ಬೈಯಲಿಲ್ಲ, ತುಟಿ ಮೇಲೆ ಬೆರಳಿಟ್ಟು ನಕ್ಕರು. ಆಮೇಲೆ ಅವಳೇ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದಳು.

ಹಕ್ಕಿಗಳ ಬಗ್ಗೆ ಹೇಳಬೇಕಲ್ವಾ. ಮಿಂಚುಳ್ಳಿಗಳಲ್ಲಿ ಬಗೆಬಗೆಯವು, ಕಪ್ಪು ತಲೆಯದು ನೋಡಲು ಚಳಿಗಾಲದಲ್ಲೇ ಬರಬೇಕು. ಗರುಡ, ನೀರುಕಾಗೆ, ಬಕ ಧಾರಾಳ. ನವೆಂಬರ್‌ನಿಂದ ಫೆಬ್ರವರಿವರೆಗೆ ವಲಸೆ ಹಕ್ಕಿಗಳಿರುವುದರಿಂದ ಆ ತಿಂಗಳುಗಳೇ ಒಳ್ಳೆಯವು. ನೀರುನಾಯಿಗಳೂ ಇಲ್ಲಿವೆ, ನಮಗೆ ಕೆಸರಿನ ಮೇಲೆ ಹೆಜ್ಜೆ ಮಾತ್ರ ಸಿಕ್ಕಿತು.

ಮೊಸಳೆ ನೋಡಬೇಕು ಅನ್ನುವವರು ಕುಂಬಾರಜುವಾ ಕಾಲುವೆಗೆ ಹೋಗುತ್ತಾರೆ, ಮಾಂಡೋವಿ ಮತ್ತು ಜುವಾರಿಯನ್ನು ಜೋಡಿಸುವ ಕಾಲುವೆ ಅದು. ಉಪ್ಪು ಬೆರೆತ ನೀರಿನಲ್ಲೂ ನಮ್ಮ ಸಾಮಾನ್ಯ ಮೊಸಳೆಗಳು ಅಲ್ಲಿ ಬದುಕುತ್ತವೆ. ಜುವಾರಿ ದಂಡೆಯ ದುರ್ಭಾಟ್‌ನಲ್ಲಿ ರೈತರು ಪುಷ್ಯ ಮಾಸದಲ್ಲಿ ಕೆಸರಿನಿಂದ ಮೊಸಳೆ ಮಾಡಿ ಪೂಜಿಸುತ್ತಾರೆ. ನಮ್ಮ ನಂಬಿಕೆ ಬೇರೆ, ಆದರೂ ಹೊಲದ ಬದುವಿನಲ್ಲೇ ಓಡಾಡುವ ಪ್ರಾಣಿಯನ್ನು ಕೊಲ್ಲದೆ ಅದರ ಜತೆ ಬಾಳುವ ಆ ಜನರ ಬಗ್ಗೆ ಯಜಮಾನರು ಊಟದ ಹೊತ್ತಿಗೆ ಮಕ್ಕಳಿಗೆ ಮನಸ್ಸಿಟ್ಟು ಹೇಳಿದರು. ಆದರೆ ಅಲ್ಲಿಗೆ ನಾವು ಒಂದು ಟ್ರಾವೆಲ್ಸ್ ಮೂಲಕ ದೊಡ್ಡ ಬೋಟಿನಲ್ಲಿ ಹೋದಾಗ ಪೂರ್ತಿ ದಾರಿ ಸ್ಪೀಕರ್‌ನಲ್ಲಿ ಹಾಡು. ಬಂದ್ ಮಾಡಿ ಅಂದರೆ ಬೇರೆ ಗಿರಾಕಿಗಳಿಗೆ ಬೇಕು ಅಂದರು. ಮೊಸಳೆ ಹೇಗೆ ದಂಡೆ ಮೇಲೆ ಇರುತ್ತದೆ ಹೇಳಿ? ನೆಂಟರೆದುರು ಬಹಳ ಬೇಜಾರಾಯಿತು. ಬುಕ್ ಮಾಡುವ ಮೊದಲೇ ಹಾಡು ಇರುತ್ತದಾ ಅಂತ ಕೇಳಿಕೊಳ್ಳಿ.

ಊಟ ನಾವು ಕಟ್ಟಿಕೊಂಡೇ ಹೋಗುತ್ತೇವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು. ಪಕ್ಷಿಧಾಮದೊಳಗೆ ತಿನ್ನುವುದಿಲ್ಲ, ದಾಟಿ ಬಂದು ನದಿ ಕಡೆ ನೆರಳಲ್ಲಿ ಕೂತು ಮಾವನವರು ಪ್ರಾರ್ಥನೆ ಮಾಡಿದ ಮೇಲೆ ಬುತ್ತಿ ಬಿಚ್ಚುವುದು. ಈ ಸಲ ದೋಣಿಯವರನ್ನೂ ಕೂರಿಸಿಕೊಂಡೆವು. ರೊಟ್ಟಿ ಅವರಿಗೆ ಹೊಸದು, ಚಟ್ನಿ ಎರಡನೇ ಸಲ ಹಾಕಿಸಿಕೊಂಡರು. ಸಂಜೆ ಮನೆಯಲ್ಲಿ ಸಭೆಯ ಒಂದಷ್ಟು ಕುಟುಂಬದವರು ಸೇರಿದಾಗ ಮಕ್ಕಳ ಬಾಯಲ್ಲಿ ಏಡಿ, ಉಪ್ಪಿನ ಎಲೆ, ಅದೇ ಮಾತು. ಅದನ್ನು ಕೇಳಿ ನಮ್ಮ ಸಂಜೆ ಪಾಠದ ಮಕ್ಕಳೂ ಹೋಗಬೇಕು ಅಂದಿದ್ದಾರೆ. ಇಲ್ಲೇ ಹುಟ್ಟಿ ಬೆಳೆದರೂ ನದಿ ಆಚೆಗೆ ಹೋಗದ ಮಕ್ಕಳು ಅವರು. ಬೇಸಿಗೆ ರಜೆಗೆ ಮೊದಲು ಕರೆದೊಯ್ಯಲೇಬೇಕು ಅಂತ ದೋಣಿಯವರ ಹತ್ತಿರ ಮಾತಾಡಿದ್ದೇವೆ.

ಕಾಡುಕೋಣ, ದೊಡ್ಡ ಕಾಡು ಬೇಕು ಅನ್ನುವವರಿಗೆ ಈ ಜಾಗ ಅಲ್ಲ, ಅವರು ಮೊಲ್ಲೆಂ ಕಡೆ ಹೋಗಲಿ. ದೋಣಿಗೆ ಹತ್ತುವಾಗ ಒಂದು ದೊಡ್ಡ ಹೆಜ್ಜೆ ಇಡಬೇಕು, ಮಂಡಿನೋವಿನವರಿಗೆ ಇಬ್ಬರು ಕೈ ಕೊಡಬೇಕಾಗುತ್ತದೆ. ಲೈಫ್ ಜಾಕೆಟ್ ಮಕ್ಕಳ ಅಳತೆಯದು ಇದೆಯಾ ಅಂತ ಫೋನಿನಲ್ಲೇ ಕೇಳಿ. ಸೊಳ್ಳೆಗೆ ಕ್ರೀಮು, ಟೋಪಿ, ಕುಡಿಯುವ ನೀರು ಜತೆಗಿರಲಿ, ಶೌಚಕ್ಕೆ ಪಣಜಿಯಲ್ಲೇ ಹೋಗಿ ಬನ್ನಿ. ದುರ್ಬೀನು ಒಂದಾದರೂ ಇರಲಿ, ಅಜ್ಜಂದಿರ ಕೈಗೆ ಮೊದಲು ಕೊಡಿ.